ಬೆನ್ನ ಹಿಂದಿನ ಖೊ

ಮೊದಲ ದಿನ: ತಿಪಟೂರಿನಿಂದ ದಾವಣಗೆರೆಗೆ

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನಾನು, ಕ್ವಿಂಟಾಲಿನ ಮೇಲೆ ಸಾವಿರ ರೂಪಾಯಿ ಏರಿದ್ದನ್ನೂ ಇಳಿದದ್ದನ್ನೂ ಒಂದೇ ಬಗೆಯ ಅಕ್ಷರದಲ್ಲಿ ಖಾತೆಗೆ ಏರಿಸಿದ್ದೇನೆ. ಎದುರಿಗೆ ರೈತರು ತಲೆಯ ಮೇಲೆ ಕೈ ಹೊತ್ತು ಕುಳಿತಾಗಲೂ ನನ್ನ ಕೈ ನಡುಗಿದ್ದಿಲ್ಲ. ಅದು ನಡುಗುವುದನ್ನು ಕಲಿತದ್ದು ಮಗಳು ಖೊ-ಖೊ ಆಡಲು ತೊಡಗಿದ ಮೇಲೆ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವಳ ಶಾಲೆಯ ತಂಡವು 14 ವರ್ಷದೊಳಗಿನ ಬಾಲಕಿಯರ ಆಟದಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆಗಳನ್ನು ದಾಟಿ, ಈ ಸಲ ವಿಭಾಗ ಮಟ್ಟದ ಕ್ರೀಡಾಕೂಟಕ್ಕಾಗಿ ದಾವಣಗೆರೆಗೆ ಹೊರಟಿತ್ತು. ಬೆಂಗಳೂರು ವಿಭಾಗವೆಂದು ಹೆಸರಿದ್ದರೂ ಅದರೊಳಗೆ ಕೋಲಾರದಿಂದ ಹಿಡಿದು ಶಿವಮೊಗ್ಗದವರೆಗಿನ ಜಿಲ್ಲೆಗಳೆಲ್ಲ ಬರುತ್ತವೆ; ಅವುಗಳ ಪೈಕಿ ಗೆದ್ದ ಒಂದು ತಂಡ ಮಾತ್ರ ರಾಜ್ಯ ಮಟ್ಟಕ್ಕೆ ಹೋಗುತ್ತದೆ.

ನನ್ನ ಹೆಂಡತಿ ಬರಲಿಲ್ಲ. ಜಿಲ್ಲಾ ಮಟ್ಟದ ಪಂದ್ಯಕ್ಕೆ ತುಮಕೂರಿಗೆ ಬಂದಿದ್ದ ಅವಳು ಇಡೀ ಆಟವನ್ನು ಸೆರಗಿನ ಮರೆಯಲ್ಲಿ ಕಣ್ಣು ಮುಚ್ಚಿಕೊಂಡೇ ಕಳೆದಿದ್ದಳು. "ನೋಡದೇ ಇರೋದಕ್ಕೆ ಅಷ್ಟು ದೂರ ಯಾಕ್ರೀ ಬರ್ಬೇಕು, ಮನೇಲೇ ಕೂತು ನೋಡದೇ ಇರ್ತೀನಿ" ಎಂದು ಹೇಳಿ, ಕೆಂಪಮ್ಮನ ಗುಡಿಯ ಕುಂಕುಮವನ್ನು ಕಾಗದದಲ್ಲಿ ಮಡಿಚಿ ನನ್ನ ಜೇಬಿಗೆ ಹಾಕಿದಳು. ಅವಳಿಗೆ ದೊಡ್ಡ ಮಗನ ಚೆಸ್ ಆಟವೇ ವಾಸಿ. ಅಲ್ಲಿ ಆಡುವ ಕೋಣೆಯೊಳಕ್ಕೆ ಅಪ್ಪ ಅಮ್ಮಂದಿರನ್ನು ಬಿಡುವುದೇ ಇಲ್ಲ; ಬಾಗಿಲು ಮುಚ್ಚಿದ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಒಬ್ಬರ ಮುಖ ಒಬ್ಬರು ನೋಡುವುದಷ್ಟೇ ಕೆಲಸ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಅವರ ತಂದೆ ಕೋಣೆಯ ಹೊರಗೆ ಶತಪಥ ತಿರುಗುತ್ತಿದ್ದ ದೃಶ್ಯವನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಮಗನ ಆಟ ಯಾರಿಗೂ ಅಷ್ಟಾಗಿ ತಿಳಿಯಲಿಲ್ಲ, ಆ ಅಪ್ಪನ ನಡಿಗೆ ಮಾತ್ರ ಎಲ್ಲರಿಗೂ ತಿಳಿಯಿತು.

ಹುಬ್ಬಳ್ಳಿಯ ಕಡೆಗೆ ಹೋಗುವ ರೈಲಿನಲ್ಲಿ ತಂಡದ ಹನ್ನೆರಡು ಹುಡುಗಿಯರೂ ಇಬ್ಬರು ಶಿಕ್ಷಕರೂ ಒಂದು ಬೋಗಿಯಲ್ಲಿ, ನಾವು ಮೂವರು ಪೋಷಕರು ಇನ್ನೊಂದು ಬೋಗಿಯಲ್ಲಿ ಕುಳಿತೆವು. ಇದು ದೈಹಿಕ ಶಿಕ್ಷಣದ ಮೇಡಂ ಹಾಕಿದ ಕಟ್ಟಳೆ. "ನಿಮ್ಮ ಗಾಬರಿ ಮಕ್ಕಳಿಗೆ ಅಂಟುತ್ತೆ ಸರ್, ಶೀತದ ಥರ" ಎಂದು ನಗುತ್ತಲೇ ಹೇಳಿದರೂ ಅವರು ತಮಾಷೆ ಮಾಡುತ್ತಿರಲಿಲ್ಲ. ಅರಸೀಕೆರೆ, ಕಡೂರು, ಬೀರೂರುಗಳು ಹಿಂದೆ ಸರಿದಂತೆ ತೆಂಗು ತೆಳುವಾಗಿ, ಅಜ್ಜಂಪುರ ದಾಟಿ ಚಿಕ್ಕಜಾಜೂರು ಬರುವ ಹೊತ್ತಿಗೆ ಕಣ್ಣಿಗೆ ಮೆಕ್ಕೆಜೋಳದ ಹೊಲಗಳೇ ತುಂಬಿಕೊಂಡವು. ಪಂದ್ಯ ಮರುದಿನವಿದ್ದರೂ ನನ್ನ ಬಾಯಿ ಅಷ್ಟರಲ್ಲೇ ಒಣಗಿತ್ತು, ಅಂಗೈ ಬೆವರಿತ್ತು. ಇದಕ್ಕೆ ನಮ್ಮ ಕುಟುಂಬದ ವೈದ್ಯರು ಕೊಟ್ಟ ವಿವರಣೆ ನನಗೆ ಲೆಕ್ಕದ ಭಾಷೆಯಲ್ಲೇ ಅರ್ಥವಾಯಿತು: ಭಯವಾದಾಗ ದೇಹವು ಓಡುವುದಕ್ಕೋ ಎದುರಿಸುವುದಕ್ಕೋ ಬೇಕಾಗುವ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ, ಎದೆ ಬಡಿತವನ್ನು ಏರಿಸುತ್ತದೆ, ಅಂಗಳದಲ್ಲಿರುವ ಮಗಳು ಅದನ್ನು ಓಡಿ ಖರ್ಚು ಮಾಡುತ್ತಾಳೆ, ಗೆರೆಯ ಹೊರಗೆ ನಿಂತ ನನ್ನಲ್ಲಿ ಅದು ಬಾಕಿಯಾಗಿ ಉಳಿಯುತ್ತದೆ.

ನಿಲ್ದಾಣದಿಂದ ನಮ್ಮನ್ನು ಲಾಡ್ಜಿಗೆ ಕರೆದೊಯ್ದ ಆಟೋದವರು, ಖೊ-ಖೊ ಪಂದ್ಯಕ್ಕೆ ಬಂದವರೆಂದು ತಿಳಿದ ಕೂಡಲೇ ಕ್ರಿಕೆಟಿಗೆ ಹೊರಳಿದರು. "ನಮ್ಮ ವಿನಯ್ ಕುಮಾರ್ ಗೊತ್ತಲ್ರೀ? ಅವರಪ್ಪನೂ ಇದೇ ಊರಾಗ ಆಟೋ ಓಡಿಸಿದೋರು" ಎಂದರು. 2013-14ರಲ್ಲಿಯೂ 2014-15ರಲ್ಲಿಯೂ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ನಾಯಕನನ್ನು ಈ ಊರು 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಕರೆಯುವುದನ್ನು ನಾನೂ ಬಲ್ಲೆ. ಆದರೆ ಆ ಕ್ಷಣ ನನ್ನ ತಲೆಯಲ್ಲಿ ಸುಳಿದದ್ದು ಬೇರೆಯದು: ಮಗ ಕೊನೆಯ ಓವರು ಹಾಕುತ್ತಿರುವಾಗ ಬಾಡಿಗೆಗೆ ಹೊರಟ ಆ ತಂದೆ ಬ್ರೇಕನ್ನು ಹೇಗೆ ಒತ್ತುತ್ತಿದ್ದಿರಬಹುದು?

ಸಂಜೆ ಹೈಸ್ಕೂಲ್ ಮೈದಾನಕ್ಕೆ ಹೋದಾಗ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಉದ್ದ 27 ಮೀಟರು, ಅಗಲ 16. ಎರಡೂ ತುದಿಗೆ ಎದೆಯೆತ್ತರಕ್ಕಿಂತ ತುಸು ಕಡಿಮೆಯ ಒಂದೊಂದು ಕಂಬ. ಕಂಬದಿಂದ ಕಂಬಕ್ಕೆ ನಡುಗೆರೆ, ಅದನ್ನು ಅಡ್ಡಹಾಯುವ ಎಂಟು ಪಟ್ಟೆಗಳು. ಆ ಪಟ್ಟೆಗಳು ನಡುಗೆರೆಯನ್ನು ಕೂಡುವ ಎಂಟು ಚೌಕಗಳಲ್ಲಿ ಎಂಟು ಮಂದಿ ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಓಡುವವರು ಮೂರು ಮೂರರಂತೆ ಅಂಗಳಕ್ಕೆ ಇಳಿಯುತ್ತಾರೆ. ಅವರು ಕುಳಿತವರ ನಡುವೆ ಹಾವಿನಂತೆ ನುಸುಳಬಹುದು, ಅಟ್ಟುವವಳು ಮಾತ್ರ ನಡುಗೆರೆಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬದಲಿಸುವಂತಿಲ್ಲ. ಆಕೆಗೆ ಇರುವ ಒಂದೇ ಉಪಾಯವೆಂದರೆ ಕುಳಿತವಳ ಬೆನ್ನನ್ನು ಮುಟ್ಟಿ 'ಖೊ' ಎಂದು ಕೂಗಿ, ಓಟವನ್ನು ಅವಳಿಗೆ ಒಪ್ಪಿಸಿ, ಆ ಜಾಗದಲ್ಲಿ ತಾನು ಕೂರುವುದು. ಕುಳಿತವಳಿಗೆ ಬೆನ್ನ ಹಿಂದೆ ನಡೆಯುವುದು ಕಾಣುವುದಿಲ್ಲ. ಕಿವಿ ಮತ್ತು ಬೆನ್ನು, ಎರಡೇ ಅವಳ ಕಣ್ಣು. ಈ ವಿವರವನ್ನು ನಾನು ಇಷ್ಟು ಉದ್ದ ಹೇಳುತ್ತಿರುವುದಕ್ಕೆ ಮರುದಿನದ ಕಾರಣವಿದೆ.

ರಾತ್ರಿ ನಾವು ಮೂವರು ಪೋಷಕರು ಸೌದೆ ಒಲೆಯ ಹೋಟೆಲೊಂದರಲ್ಲಿ ಬೆಣ್ಣೆ ದೋಸೆ ತಿಂದೆವು. ಹುಡುಗಿಯರಿಗೆ ಮೇಡಂ ಅದನ್ನು ಆಟ ಮುಗಿಯುವವರೆಗೂ ನಿಷೇಧಿಸಿದ್ದರು. ಅವರು ತಂಗಿದ್ದ ಶಾಲೆಯ ಕೋಣೆಯಲ್ಲಿ ಅನ್ನ ಸಾರು ಉಣ್ಣುತ್ತಿದ್ದಾಗ ನಾವು ಬೆಣ್ಣೆ ಮೆತ್ತಿದ ಬಾಯಲ್ಲಿ ಅವರ ಗೆಲುವಿನ ಲೆಕ್ಕಾಚಾರ ಮಾಡುತ್ತಿದ್ದೆವು ಎಂಬುದನ್ನು ಮಗಳು ಇನ್ನೂ ಕ್ಷಮಿಸಿಲ್ಲ.

ಎರಡನೆಯ ದಿನ: ಹೈಸ್ಕೂಲ್ ಮೈದಾನ

ಮುಂಜಾನೆ ಹನಿ ಬಿದ್ದು ಅಂಗಳ ಒಣಗಲಿ ಎಂದು ಪಂದ್ಯಗಳನ್ನು ಒಂದು ಗಂಟೆ ಮುಂದೂಡಿದರು. ಕಾಯುವ ಆ ಒಂದು ಗಂಟೆ ಆಟದ ಏಳು ನಿಮಿಷಗಳಿಗಿಂತ ಕ್ರೂರವಾದದ್ದು. ಮಕ್ಕಳು ಪೆಂಡಾಲಿನ ಕೆಳಗೆ ಅಂತ್ಯಾಕ್ಷರಿ ಹಾಡುತ್ತಿದ್ದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಆಡಿದ್ದರಲ್ಲವೇ, ಅಂದಿನಿಂದ ನಮ್ಮ ತಂಡದ ಅರ್ಧದಷ್ಟು ಹುಡುಗಿಯರು ತಾವೇ ಚೈತ್ರಾ ಎಂದುಕೊಂಡಿದ್ದಾರೆ. ಹಳ್ಳಿಯ ಮೈದಾನದಿಂದ ಹೊರಟ ಒಬ್ಬಳು ವಿಶ್ವಕಪ್ ಹಿಡಿದದ್ದನ್ನು ಕಂಡ ಮೇಲೆ ಅವರಿಗೆ ದಾವಣಗೆರೆ ದೂರವೆನಿಸುವುದಿಲ್ಲ. ದೂರವೆನಿಸುವುದು ನಮಗೆ.

ಪೋಷಕರು ಈ ಹೊತ್ತನ್ನು ಕಳೆಯುವ ಬಗೆಗಳನ್ನು ನಾನು ಅಂದು ಗಮನವಿಟ್ಟು ನೋಡಿದೆ, ಏಕೆಂದರೆ ಅಂಗಳವನ್ನು ನೋಡುವುದಕ್ಕಿಂತ ಅದು ಸುಲಭವಾಗಿತ್ತು. ಶಿವಮೊಗ್ಗದ ಕಡೆಯ ತಾಯಿಯೊಬ್ಬರು ಅಂಗಳಕ್ಕೆ ಬೆನ್ನು ಮಾಡಿ ನಿಂತು, ಎದುರಿನ ಜನರ ಮುಖಗಳಲ್ಲಿಯೇ ತಮ್ಮ ಮಗಳ ಆಟವನ್ನು ಓದುತ್ತಿದ್ದರು. ಇನ್ನೊಬ್ಬರು ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರಿಸುತ್ತಿದ್ದರು. ಕಣ್ಣಿಗೂ ಮಗಳಿಗೂ ನಡುವೆ ಒಂದು ಗಾಜಿದ್ದರೆ ಎದೆ ಸ್ವಲ್ಪ ತಣ್ಣಗಿರುತ್ತದಂತೆ. ನನ್ನ ಜೊತೆ ಬಂದಿದ್ದ ಕೆ.ಬಿ. ಕ್ರಾಸ್‌ ಕಡೆಯ ರೈತರು ಮೈದಾನದ ಸುತ್ತ ನಡೆಯುತ್ತಲೇ ಇದ್ದರು, ಒಂದು ಪಂದ್ಯಕ್ಕೆ ಒಂಬತ್ತು ಸುತ್ತು. ನಾನು ಗೀಟು ಎಳೆಯುವವನು. ಮಂಡಿಯಲ್ಲಿ ಮೂಟೆ ಎಣಿಸುವಾಗ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವ ಅಭ್ಯಾಸವಿದೆಯಲ್ಲ, ಹಾಗೆಯೇ ಕಿರುಪುಸ್ತಕದಲ್ಲಿ ಮಗಳು ಕೊಟ್ಟ ಪ್ರತಿ ಖೊಗೆ ಒಂದು ಗೀಟು. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು.

ಪಕ್ಕದಲ್ಲಿ ಊರಿನವರೇ ಆದ ಹಿರಿಯರೊಬ್ಬರು ಟವಲ್ ಹೊದ್ದು ಕುಳಿತಿದ್ದರು. ಮುರಿದ ಕಿವಿಯನ್ನು ನೋಡಿದರೇ ಗರಡಿಯಲ್ಲಿ ಮಣ್ಣು ಹೊತ್ತವರೆಂದು ತಿಳಿಯುತ್ತಿತ್ತು. ದಾವಣಗೆರೆಯಲ್ಲಿ ಹಳೆಯ ಗರಡಿಮನೆಗಳಿಗೂ ದುಗ್ಗಮ್ಮನ ಜಾತ್ರೆಯ ಕುಸ್ತಿಗೂ ಇರುವ ಮರ್ಯಾದೆಯನ್ನು ಅವರ ಮಾತಿನಲ್ಲೇ ಕೇಳಬೇಕು. "ನನ್ನ ಮಗ ಕಣಕ್ಕಿಳಿದಾಗ ನಾನು ನೋಡಿದ್ದೇ ಇಲ್ಲ ಬಿಡ್ರಿ" ಎಂದರು. "ಒಂದ್ಸಲ ನೋಡ್ದೆ. ಅವ ಎದುರಾಳಿ ಕಣ್ಣು ನೋಡೋದು ಬಿಟ್ಟು ನನ್ನ ಕಡಿ ನೋಡಿದ. ಅಷ್ಟೇ, ಬೆನ್ನು ಮಣ್ಣಿಗೆ ಹತ್ತಿತ್ತು." ನಾನು ನಕ್ಕೆ. ಆ ನಗು ಮಧ್ಯಾಹ್ನದವರೆಗೂ ಬಾಳಲಿಲ್ಲ.

ಮೊದಲ ಪಂದ್ಯವನ್ನು ನಮ್ಮವರು ಸಲೀಸಾಗಿ ಗೆದ್ದರು. ಅದರ ಬಗ್ಗೆ ಹೇಳುವುದೇನಿಲ್ಲ. ಎರಡನೆಯದು ಕೋಲಾರ ಜಿಲ್ಲೆಯ ತಂಡದ ಮೇಲೆ. ಗೆಜ್ಜೆಯಿಲ್ಲದೆ ಕುಣಿಯುವಂಥ ಪಾದ ಆ ಹುಡುಗಿಯರದು. ಕುಳಿತವರಲ್ಲಿ ಒಬ್ಬರನ್ನು ಒಂದು ಬದಿಗೆ, ಮುಂದಿನವರನ್ನು ಇನ್ನೊಂದು ಬದಿಗೆ ಬಿಟ್ಟು ಸರಪಳಿಯಂತೆ ನುಸುಳುವ 'ಸಿಂಗಲ್ ಚೈನ್' ಓಟದಲ್ಲಿ ಅವರು ನಮ್ಮವರನ್ನು ಸುಸ್ತು ಮಾಡಿಬಿಟ್ಟರು. ಮೊದಲ ಇನಿಂಗ್ಸ್ ಮುಗಿದಾಗ ನಮಗೆ 7, ಅವರಿಗೆ 6. ಎರಡನೆಯ ಇನಿಂಗ್ಸಿನಲ್ಲಿ ನಮ್ಮವರು ಅಟ್ಟುವ ಸರದಿ. ಮೇಡಂ ಕೊನೆಯ ಎರಡು ನಿಮಿಷವಿರುವಾಗ ತಂಡದ ಅತಿ ಚಿಕ್ಕ ಹುಡುಗಿಯೊಬ್ಬಳನ್ನು ಬದಲಿಯಾಗಿ ಇಳಿಸಿದ್ದರು. ಆರನೆಯ ತರಗತಿಯ ಆ ಮಗು ಅಂಗಿಯೊಳಗೆ ಅಂಗಿ ಹಾಕಿದಂತಿದ್ದಳು, ಜರ್ಸಿ ಮೊಣಕಾಲಿನವರೆಗೂ ಇಳಿಬಿದ್ದಿತ್ತು.

ನಾನು ಕಂಬದ ಹಿಂದೆ, ಗೆರೆಯಿಂದ ನಾಲ್ಕೈದು ಹೆಜ್ಜೆ ಆಚೆ ನಿಂತಿದ್ದೆ. ಮಗಳು ಅಂಗಳದಲ್ಲಿ ಉಳಿದಿದ್ದ ಕೋಲಾರದ ಓಟಗಾರ್ತಿಯನ್ನು ಅಟ್ಟಿಕೊಂಡು ನನ್ನ ಕಡೆಗೇ ಬರುತ್ತಿದ್ದಳು. ಓಡುವವಳು ನಡುಗೆರೆ ದಾಟಿ ಆಚೆ ಜಾರಿದಳು. ಈಗ ಮಗಳು ಮಾಡಬೇಕಾದದ್ದು ಒಂದೇ: ಎರಡು ಹೆಜ್ಜೆ ಮುಂದೆ ಬೆನ್ನು ತೋರಿಸಿ ಕುಳಿತಿದ್ದ ಆ ಚಿಕ್ಕ ಹುಡುಗಿಗೆ ಖೊ ಕೊಡಬೇಕು. ಅವಳಿಗೆ ಅದು ತಿಳಿದಿರಲಿಲ್ಲವೇ? ನನಗಿಂತ ನೂರು ಪಾಲು ಚೆನ್ನಾಗಿ ತಿಳಿದಿತ್ತು. ಆದರೂ ಎರಡು ದಿನಗಳಿಂದ ನನ್ನೊಳಗೆ ಬಾಕಿ ನಿಂತದ್ದೆಲ್ಲ ಆ ಕ್ಷಣ ಗಂಟಲಿಗೆ ನುಗ್ಗಿ ಬಂದು, ನಾನು ತಡೆಯುವ ಮೊದಲೇ ಒಂದು ಶಬ್ದವಾಗಿ ಹೊರಬಿತ್ತು: "ಖೊ!"

ಚಿಕ್ಕ ಹುಡುಗಿ ಎದ್ದೇಬಿಟ್ಟಳು. ಮಗಳ ಕೈ ಅವಳ ಬೆನ್ನಿಗೆ ಇನ್ನೂ ಒಂದು ಮಾರು ದೂರವಿತ್ತು. ಎದ್ದವಳು ನೆಗೆದು ಓಟಗಾರ್ತಿಯ ಭುಜವನ್ನು ಮುಟ್ಟಿಯೂ ಬಿಟ್ಟಳು, ಆದರೆ ಅಷ್ಟರಲ್ಲಿ ಅಂಪೈರಿನ ಸೀಟಿ ಬಿಟ್ಟುಬಿಟ್ಟು ಕೂಗತೊಡಗಿತ್ತು. ಔಟ್ ಆದರೆ ಒಂದು ಸೀಟಿ. ಫೌಲ್ ಆದರೆ ಅದನ್ನು ಸರಿಪಡಿಸಿಕೊಳ್ಳುವ ತನಕ ಸಣ್ಣ ಸಣ್ಣ ಸೀಟಿಗಳು ನಿಲ್ಲುವುದಿಲ್ಲ. ಖೊ ಸಿಗುವ ಮೊದಲೇ ಎದ್ದದ್ದು ಫೌಲ್, ಆದ್ದರಿಂದ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಕೋಲಾರದ ಹುಡುಗಿ ಆ ಗೊಂದಲದಲ್ಲಿ ಇನ್ನೊಂದು ಕಂಬ ತಲುಪಿ ಉಸಿರು ಎಳೆದುಕೊಂಡಳು. ಸಮಯ ಮುಗಿಯಿತು. ನಮಗೆ ಒಟ್ಟು 12.

"ಮುಟ್ಟೋಕ್ ಮುಂಚೆ ಯಾಕೆ ಎದ್ದೆ? ಎಷ್ಟು ಸಲ ಹೇಳಿದೀನಿ!" ಎಂದು ಮೇಡಂ ಗದರಿದಾಗ ಆ ಮಗು ಏನೂ ಹೇಳದೆ ಜರ್ಸಿಯ ತುದಿಯನ್ನು ಹಿಂಡುತ್ತಾ ನಿಂತಿತು. ಜನರ ಗಲಾಟೆಯಲ್ಲಿ ಕೂಗಿದವರು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಮಗಳಿಗೆ ತಿಳಿದಿತ್ತು. ನೀರು ಕುಡಿಯುತ್ತಾ ಒಮ್ಮೆ ನನ್ನ ಕಡೆ ನೋಡಿದಳು. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು, ಅದರಲ್ಲಿ ಸಿಟ್ಟಿರಲಿಲ್ಲ.

ಉಳಿದ ಏಳು ನಿಮಿಷಗಳಲ್ಲಿ ಗೆಲ್ಲಲು ಕೋಲಾರದವರಿಗೆ ಏಳು ಪಾಯಿಂಟು ಬೇಕಿತ್ತು. ಅವರು ಒಂದೊಂದನ್ನು ಗಳಿಸಿದಂತೆ ನಾನು ತಪ್ಪಿಸಿದ ಆ ಒಂದು ಪಾಯಿಂಟು ನನ್ನ ಕಣ್ಣೆದುರು ಬೆಳೆಯುತ್ತಾ ಹೋಯಿತು. ಮೂರಾದಾಗ ಎರಡನೆಯ ಮೂವರಲ್ಲಿ ಮಗಳು ಅಂಗಳಕ್ಕೆ ಇಳಿದಳು. ಅವಳನ್ನು ಹಿಡಿಯಲು ಒಬ್ಬಳು ಕಂಬದಿಂದ ಗಾಳಿಯಲ್ಲಿ ಚಾಚಿ 'ಪೋಲ್ ಡೈವ್' ಹೊಡೆದಾಗ ಬೆರಳಿಗೂ ಕಾಲಿಗೂ ನಡುವೆ ಒಂದು ಗೇಣು ಉಳಿದಿತ್ತು. ನಾನು ಅದನ್ನು ನೋಡಿದೆನೆಂದು ಹೇಳಿದರೆ ಸುಳ್ಳಾದೀತು. ಆ ಹೊತ್ತಿಗೆ ನಾನೂ ಶಿವಮೊಗ್ಗದ ಆ ತಾಯಿಯ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತಿದ್ದೆ. ಗೇಣಿನ ಸಂಗತಿಯನ್ನು ಆಮೇಲೆ ಅವರಿವರು ಹೇಳಿದ್ದು. 12-11ರಲ್ಲಿ ನಮ್ಮವರು ಗೆದ್ದರು.

ಗೆದ್ದದ್ದರಿಂದ ನನ್ನ ತಪ್ಪು ಮಾಫಿಯಾಯಿತೆಂದು ಮಧ್ಯಾಹ್ನವೆಲ್ಲ ನನಗೆ ನಾನೇ ಹೇಳಿಕೊಂಡೆ. ಮಂಡಕ್ಕಿ ಮೆಣಸಿನಕಾಯಿ ತಿಂದೆ, ಪಿ.ಬಿ. ರಸ್ತೆಯಲ್ಲಿ ಸುಮ್ಮನೆ ನಡೆದೆ, ಸಂಜೆ ದುಗ್ಗಮ್ಮನ ಗುಡಿಗೂ ಹೋಗಿ ಬಂದೆ. ದೇವಿಯ ಎದುರು ನಿಂತಾಗ ಬೇಡಿಕೊಳ್ಳಲು ಬಾಯಿ ಬರಲಿಲ್ಲ. ನಾಳೆ ಆ ಚಿಕ್ಕ ಹುಡುಗಿಯನ್ನು ಕೂರಿಸುವುದಿಲ್ಲವೆಂದು ಮೇಡಂ ಹೇಳಿದ್ದಾರೆ ಎಂಬ ಸುದ್ದಿಯನ್ನು ಜೊತೆಯ ರೈತರು ತಂದದ್ದು ಅದಾದ ಮೇಲೆ. ತಪ್ಪು ಲೆಕ್ಕ ಇನ್ನೊಬ್ಬರ ಖಾತೆಗೆ ಬಿದ್ದಿದೆ ಎಂದು ತಿಳಿದೂ ಪುಸ್ತಕ ಮುಚ್ಚುವುದು ನನ್ನ ಕಸುಬಿನಲ್ಲಿ ಕ್ಷಮೆಯಿಲ್ಲದ ಕೆಲಸ. ರಾತ್ರಿ ಎಂಟಕ್ಕೆ ತಂಡ ತಂಗಿದ್ದ ಶಾಲೆಗೆ ಹೋದೆ.

ವರಾಂಡದಲ್ಲಿ ಮೇಡಂ ಮಕ್ಕಳ ಶೂಗಳಿಗೆ ಹಳೆ ಪತ್ರಿಕೆ ತುರುಕಿ ಒಣಗಲು ಇಡುತ್ತಿದ್ದರು. ಕೂಗಿದವನು ನಾನೇ ಎಂದು ಹೇಳಿದೆ. ಅವರು ತಲೆ ಎತ್ತದೆ, "ಇಪ್ಪತ್ತೆರಡು ವರ್ಷ ಆಯ್ತು ಸರ್ ನಾನು ಈ ಕೆಲಸಕ್ಕೆ ಸೇರಿ. ಮಕ್ಕಳ ಖೊ ಯಾವ್ದು, ಅಪ್ಪಂದಿರ ಖೊ ಯಾವ್ದು ಅಂತ ಗೊತ್ತಾಗುತ್ತೆ" ಎಂದರು. ಹಾಗಾದರೆ ಆ ಮಗುವನ್ನು ಏಕೆ ಗದರಿದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರೇ ಹೇಳಿದರು: "ಹೊರಗಿನ ದನಿಗೆ ಏಳಬಾರದು ಅನ್ನೋದನ್ನೂ ಅವಳು ಕಲೀಬೇಕಲ್ಲ." ಆಮೇಲೆ ಆ ಹುಡುಗಿಯನ್ನೇ ಕರೆದರು. ನಾನು ತಪ್ಪೊಪ್ಪಿಕೊಂಡಾಗ ಅವಳು ಗಾಬರಿಯಿಂದ, "ಇಲ್ಲ ಅಂಕಲ್, ಅಕ್ಕ ಮುಟ್ಟಿದ ಹಾಗೇ ಆಯ್ತು, ಅದಕ್ಕೇ ಎದ್ದೆ" ಎಂದಳು. ಅದು ನಿಜವೋ, ದೊಡ್ಡವರ ಮುಖ ಉಳಿಸಲು ಆ ಹನ್ನೊಂದು ವರ್ಷದ ಮಗು ಕಟ್ಟಿದ ಮಾತೋ ನನಗೆ ಈವರೆಗೂ ಬಗೆಹರಿದಿಲ್ಲ. ಅವಳನ್ನು ನಾಳೆ ಆಡಿಸುತ್ತೀರಾ ಎಂದು ಕೇಳಿದ್ದಕ್ಕೆ ಮೇಡಂ, "ನೋಡೋಣ ಸರ್" ಎಂದಷ್ಟೇ ಹೇಳಿದರು.

ಮಗಳು ಗೇಟಿನವರೆಗೆ ಬಂದಳು. "ಅಪ್ಪ, ನಾಳೆ ನೀನು ಒಳಗೆ ಬರ್ಬೇಡ" ಎಂದಳು. ಒಂದೆರಡು ಹೆಜ್ಜೆ ಹೋಗಿ ತಿರುಗಿ, "ಊರಿಗೆ ಹೋಗ್ಬೇಡ ಮತ್ತೆ. ಇಲ್ಲೇ ಇರು, ಕಾಣದ ಹಾಗೆ ಇರು" ಎಂದು ಸೇರಿಸಿದಳು.

ಮೂರನೆಯ ದಿನ: ಕಾಂಪೌಂಡಿನ ಆಚೆ

ಸೆಮಿಫೈನಲ್ ಶಿವಮೊಗ್ಗದ ಮೇಲೆ. ಮೈದಾನದ ಕಾಂಪೌಂಡಿನ ಹೊರಗೆ ನಿಂತಿದ್ದ ಮಂಡಕ್ಕಿ ಗಾಡಿಯ ಪಕ್ಕದಲ್ಲಿ ನಾನು ಒಂದು ಕಲ್ಲು ಹುಡುಕಿಕೊಂಡು ಕುಳಿತೆ. ಗಾಡಿಯವರ ಮಗ, ಹತ್ತು ವರ್ಷದ ಪೋರ, ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಕೇಳಿದವರಿಗೂ ಕೇಳದವರಿಗೂ ಆಟದ ವರದಿ ಕೊಡುತ್ತಿದ್ದ. ನಾನು ಯಾರ ತಂದೆಯೆಂದು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಏಳನೆಯ ನಂಬರಿನ ಜರ್ಸಿಯನ್ನೇ ನೋಡಿ ಹೇಳುತ್ತಿದ್ದ, ಅಲ್ಲಿಗೆ ನಾನು ಮತ್ತೆ ಒಳಗೆ ಹೋದಂತೆಯೇ ಆಗುತ್ತಿತ್ತು.

ನೋಡದೆ ಕೇಳುವ ಖೊ-ಖೊ ಬೇರೆಯದೇ ಆಟ. ಕಾಲಿನ ಶಬ್ದ ಗೋಡೆಯಾಚೆಗೆ ದಾಟುವುದಿಲ್ಲ, ಖೊ ಮಾತ್ರ ದಾಟುತ್ತದೆ. ಒಂಬತ್ತು ಹುಡುಗಿಯರದು ಒಂಬತ್ತು ಬಗೆ: ಒಬ್ಬಳದು ಕೊನೆಯಲ್ಲಿ ಮೇಲೇರುತ್ತದೆ, ಒಬ್ಬಳದು ಕೆಮ್ಮಿದಂತಿರುತ್ತದೆ, ಒಬ್ಬಳು ಖಕಾರವನ್ನು ನುಂಗಿ ಬರಿಯ ಸ್ವರವನ್ನಷ್ಟೇ ಬಿಡುತ್ತಾಳೆ. ಮಗಳದು ಚಿಕ್ಕದು, ಚೂಪಾದದ್ದು, ಮೊಳೆ ಹೊಡೆದ ಹಾಗೆ. ಮನೆಯಲ್ಲಿ ಅಣ್ಣನ ಬೆನ್ನ ಮೇಲೆ ಅವಳು ಅಭ್ಯಾಸ ಮಾಡಿದ್ದನ್ನು ಎರಡು ವರ್ಷ ಕೇಳಿದವನಿಗೆ ಗುರುತು ಹಿಡಿಯುವುದು ಕಷ್ಟವೇ? ಕಿರುಪುಸ್ತಕ ತೆರೆದು ಗೀಟು ಎಳೆಯತೊಡಗಿದೆ. ಮೊದಲ ಇನಿಂಗ್ಸಿನಲ್ಲಿ ಹನ್ನೆರಡು. ಅಂಗೈ ಬೆವರಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೆ ನಾನೇನೂ ಮಾಡುವಂತಿರಲಿಲ್ಲ.

"ಶಿವಮೊಗ್ಗ ಎರಡು ಮುಂದೈತ್ರೀ" ಎಂದು ಗೋಡೆಯ ಮೇಲಿನ ಪೋರ ಸಾರಿದ. ಎರಡನೆಯ ಇನಿಂಗ್ಸಿನಲ್ಲಿ ನಮ್ಮವರು ಅಟ್ಟಲು ಕುಳಿತಾಗ ಮಗಳ ಖೊ ಇನ್ನೂ ಚೂಪಾಗಿತ್ತು. ಸ್ವಲ್ಪ ಏದುಸಿರಿತ್ತು, ಆದರೆ ಹೊಸ ಹುರುಪಿತ್ತು. ಸೋಲುತ್ತಿರುವಾಗಲೂ ದನಿ ಕುಗ್ಗಿಸಲಿಲ್ಲವಲ್ಲ ಎಂದು ಪ್ರತಿ ಗೀಟನ್ನೂ ಒತ್ತಿ ಎಳೆದೆ, ಹಾಳೆ ತೂತಾಗುವಷ್ಟು. ಹದಿಮೂರು, ಹದಿನಾಲ್ಕು, ಇಪ್ಪತ್ತು. ಉದ್ದನೆಯ ಕೊನೆಯ ಸೀಟಿ ಬಿದ್ದಾಗ ಪುಸ್ತಕದಲ್ಲಿ ಇಪ್ಪತ್ತಮೂರು ಗೀಟುಗಳಿದ್ದವು. "ಹೋತ್ರೀ, ತುಮಕೂರು ಹೋತು" ಎಂದು ಪೋರ ಗೋಡೆಯಿಂದ ಇಳಿದು ಅಪ್ಪನ ಬಳಿ ಒಂದು ಮಿರ್ಚಿ ಕಿತ್ತುಕೊಂಡು ಓಡಿದ. ಎರಡೇ ಪಾಯಿಂಟುಗಳ ಸೋಲು.

ಹುಡುಗಿಯರು ಗೇಟಿನಿಂದ ಹೊರಗೆ ಬಂದಾಗ ನಾಲ್ವರು ಅಳುತ್ತಿದ್ದರು, ಮಗಳು ಅಳುತ್ತಿರಲಿಲ್ಲ. ಎಲ್ಲರ ಕಾಲಿನಿಂದಲೂ ನೋವಿನ ಸ್ಪ್ರೇಯ ವಾಸನೆ ಬರುತ್ತಿತ್ತು. ಅರ್ಧ ಗಂಟೆಯ ನಂತರ ಅದೇ ಹುಡುಗಿಯರು ಹೋಟೆಲಿನ ಮೂರು ಮೇಜುಗಳನ್ನು ಆಕ್ರಮಿಸಿ, ಎರಡು ದಿನಗಳ ನಿಷೇಧದ ಸೇಡನ್ನು ಬೆಣ್ಣೆ ದೋಸೆಯ ಮೇಲೆ ತೀರಿಸಿಕೊಂಡರು. ಅತಿ ಚಿಕ್ಕವಳು ಮೂರು ತಿಂದಳು. ದುಡ್ಡು ಕೊಡಲು ನಾನು ಮುಂದಾದಾಗ ಮೇಡಂ ತಡೆಯಲಿಲ್ಲ.

ಹಿಂದಿರುಗುವಾಗ ಬೋಗಿಗಳ ಕಟ್ಟಳೆ ಸಡಿಲವಾಗಿತ್ತು. ಚಿಕ್ಕಜಾಜೂರಿನಲ್ಲಿ ಮಗಳು ನಮ್ಮ ಬೋಗಿಗೆ ಬಂದು ಕಿಟಕಿಯ ಪಕ್ಕ ಕುಳಿತಳು. ಆಟದ ಬಗ್ಗೆ ನಾನು ಏನನ್ನೂ ಕೇಳಲಿಲ್ಲ. ಕೇಳಬಾರದೆಂದು ದಾವಣಗೆರೆಯಲ್ಲೇ ನಿರ್ಧರಿಸಿದ್ದೆ. ಅವಳೇ ಕೇಳಿದಳು.

"ಎಲ್ಲಿದ್ದೆ?"

"ಗೋಡೆಯಾಚೆ, ಮಂಡಕ್ಕಿ ಗಾಡಿ ಹತ್ರ."

"ಕೇಳಿಸ್ತಾ?"

"ನಿನ್ನ ಖೊ ಅಷ್ಟನ್ನೂ ಎಣಿಸಿದೀನಿ" ಎಂದು ಹೆಮ್ಮೆಯಿಂದ ಪುಸ್ತಕ ತೆಗೆದು ತೋರಿಸಿದೆ. "ಇಪ್ಪತ್ತಮೂರು. ಎರಡನೇ ಇನಿಂಗ್ಸಲ್ಲಂತೂ ಎಷ್ಟು ಚೆನ್ನಾಗಿ ಕೊಟ್ಟೆ ಗೊತ್ತಾ!"

ಅವಳು ಗೀಟುಗಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಾಯಿ ಮುಚ್ಚಿಕೊಂಡು ನಗಲಾರಂಭಿಸಿ, ಕೊನೆಗೆ ತಡೆಯಲಾರದೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕಳು. "ಅಪ್ಪ, ಎರಡನೇ ಇನಿಂಗ್ಸಲ್ಲಿ ನಾನು ಚೇಸಿಂಗಿಗೆ ಕೂತೇ ಇಲ್ಲ. ಮೀನಖಂಡ ಹಿಡ್ಕೊಂಡಿತ್ತು, ಮೇಡಂ ಹೊರಗೆ ಕೂರಿಸಿ ಸ್ಪ್ರೇ ಹೊಡೀತಿದ್ರು. ನನ್ನ ಬದಲು ಅವಳನ್ನ ಬಿಟ್ರು, ನಮ್ಮ ಪುಟಾಣೀನ. ರಾತ್ರಿ ಮಲಗೋವರೆಗೂ ನನ್ನ ಥರಾನೇ ಕೂಗೋದು ಹೇಳಿಕೊಡು ಅಂತ ಪ್ರಾಣ ತಿಂದಿದ್ಲು."

ಕಾಲು ಈಗ ಹೇಗಿದೆ ಎಂದು ಕೇಳಿದೆ. ಸರಿಹೋಗಿದೆ ಎಂದವಳು ಬೀರೂರು ಬರುವಷ್ಟರಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಅವಳು ಎಚ್ಚರಗೊಳ್ಳದಂತೆ ಮೆಲ್ಲಗೆ ಪೆನ್ನು ತೆಗೆದು, ಹನ್ನೆರಡನೆಯ ಗೀಟಿನ ಮುಂದೆ ಒಂದು ಗೆರೆ ಎಳೆದು, ಉಳಿದ ಹನ್ನೊಂದನ್ನು ಆ ಚಿಕ್ಕ ಹುಡುಗಿಯ ಹೆಸರಿಗೆ ಜಮಾ ಮಾಡಿದೆ.